ಎಡಮಗ್ಗುಲ ಚೀಲ

"ಇದನ್ನ ಯಾವಾಗ ಬದ್ಲಾಯಿಸ್ಬೇಕು ಅಂತ ಯಾರಾದ್ರೂ ಒಬ್ರು ಏಳ್ಬಾರ್ದಾಗಿತ್ತಾ?"

ಬಚ್ಚಲುಮನೆಯಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಚಿಕ್ಕಲಕ್ಷ್ಮಮ್ಮ ಒದ್ದೆ ಸೀರೆಯನ್ನು ಎದೆಗೆ ಅವುಚಿಕೊಂಡು, ಕೈಯಲ್ಲಿದ್ದ ಬಟ್ಟೆಯ ಚೀಲವನ್ನು ಬೆಳಕಿಂಡಿಯ ಕಡೆಗೆ ಹಿಡಿದಳು. ಅಂಗೈ ತುಂಬುವಷ್ಟು ಗುಂಡನೆಯ ಚೀಲ. ಅದರ ನೇಯ್ಗೆಯ ಸಂದುಸಂದಿನಿಂದ ಬೆಳ್ಳನೆಯ ಮೊಳಕೆಗಳು ಇಣುಕುತ್ತಿದ್ದವು. ಹುಳಿ ವಾಸನೆ ಮೂಗಿಗೆ ಹೊಡೆಯಿತು.

ಎರಡು ವರ್ಷದ ಹಿಂದೆ, ೧೯೬೨ನೇ ಇಸವಿಯಲ್ಲಿ, ಮೈಸೂರಿನ ಆಸ್ಪತ್ರೆಯೊಂದರಲ್ಲಿ ಅವಳ ಎಡಮೊಲೆಯನ್ನು ಗಂಟಿನ ಸಮೇತ ತೆಗೆದಿದ್ದರು. ಹೊಳೆನರಸೀಪುರದ ಅವಳ ಬೀದಿಗೆಲ್ಲ ಅದು ಹೊಟ್ಟೆ ಆಪರೇಷನ್. ನಿಜ ಗೊತ್ತಿದ್ದವರು ಗಂಡ ಚನ್ನಪ್ಪ ಮತ್ತು ಅವನ ಅಕ್ಕ ಬೆಟ್ಟಮ್ಮ, ಇಬ್ಬರೇ. ಮನೆಗೆ ಕಳಿಸುವ ದಿನ ನರ್ಸಮ್ಮ ಈ ಚೀಲ ಕೊಟ್ಟು, "ಒಂದು ಕಡೆ ಭಾರ ಇಲ್ದಿದ್ರೆ ಭುಜ ವಾಲುತ್ತಮ್ಮ, ಯಾವುದಾದ್ರೂ ಸಣ್ಣ ಕಾಳು ತುಂಬ್ಕೊಳ್ಳಿ, ಆಗಾಗ ಬದಲಾಯಿಸ್ತಿರಿ" ಎಂದಿದ್ದಳು. ಆಗಾಗ ಎಂದರೆ ಎಷ್ಟು ದಿನಕ್ಕೊಮ್ಮೆ ಎಂದು ಕೇಳಲು ನಾಚಿಕೆಯಾಗಿತ್ತು. ಹತ್ತಿ ತುಂಬಿ ನೋಡಿದಳು, ಮೇಲೇರಿತು. ಹುರುಳಿ ಒತ್ತಿತು. ಕೊನೆಗೆ ರಾಗಿ. ರಾಗಿ ಮಾತ್ರ ಮೈಗೆ ಮೈಯಾಗಿ ಕೂತಿತು. ಬಗ್ಗಿದರೆ ಬಗ್ಗಿತು, ಎದ್ದರೆ ತನ್ನ ಜಾಗಕ್ಕೆ ತಾನೇ ಇಳಿಯಿತು. ಆದರೂ ಸಂಜೆ ಗುಡಿಯಲ್ಲಿ ಕಾವ್ಯ ಓದುವುದನ್ನು ಕೇಳುವಾಗ ಅವಳು ಎಡಮಗ್ಗುಲನ್ನು ಕಂಬಕ್ಕೆ ಕೊಟ್ಟೇ ಕೂರುವಳು.

ಮಗಳು ಪುಟ್ಟತಾಯಿಗೆ ಗಂಡು ಕೂಡಿಬರಲೆಂದು ಹೋದ ಶುಕ್ರವಾರ ರಾಮನಾಥಪುರಕ್ಕೆ ಹೋಗಿ ಕಾವೇರಿಯಲ್ಲಿ ಮೂರು ಮುಳುಗು ಹಾಕಿದ್ದಳು. ಹತ್ತು ಹೆಂಗಸರ ನಡುವೆ ಚೀಲ ತೆಗೆಯುವುದೆಲ್ಲಿ? ಅದೂ ಅವಳ ಜೊತೆಗೇ ಮುಳುಗಿತು. ಮನೆಗೆ ಬಂದ ಮೇಲೆ ಅಂಗಳದಲ್ಲಿ ಒಣಹಾಕೋಣವೆಂದರೆ ಬೀದಿಯ ಕಣ್ಣು. ಹಿಂಡಿ, ಒಣ ರವಿಕೆಯೊಳಗೆ ಮತ್ತೆ ಇಟ್ಟುಕೊಂಡಳು. ಮೂರು ದಿನ ಬಿಚ್ಚಲಿಲ್ಲ. ಒದ್ದೆ ಬಟ್ಟೆಯಲ್ಲಿ ರಾಗಿ ಕಟ್ಟಿ ಬೆಚ್ಚಗಿಟ್ಟರೆ ಏನಾಗುತ್ತದೆಂದು, ತಿಂಗಳು ತಿಂಗಳೂ ಮಕ್ಕಳ ಸರಿಹಿಟ್ಟಿಗೆ ಮೊಳಕೆ ಕಟ್ಟಿಕೊಡುವ ಹೆಂಗಸಿಗೇ ಹೊಳೆಯಲಿಲ್ಲ.

ಈಗ ನೋಡಿದರೆ ಚನ್ನರಾಯಪಟ್ಟಣದವರು ಹೆಣ್ಣು ನೋಡಲು ಹನ್ನೊಂದರ ಬಸ್ಸಿಗೆ ಇಳಿಯುವವರಿದ್ದಾರೆ. ಹೋದ ವರ್ಷ ಅರಕಲಗೂಡಿನವರು ಒಪ್ಪಿ ಹೋಗಿ, ತಾಯಿಗೆ ಏನೋ ಕಾಯಿಲೆಯಂತೆ ಎಂಬ ಅರ್ಧ ಮಾತಿಗೇ ಸಂಬಂಧ ಬಿಟ್ಟಿದ್ದರು.

"ಅಮ್ಮಿ, ಇನ್ನೂ ಎಷ್ಟೊತ್ತೇ ನೀರು ಉಯ್ಕೊಳದು?" ಎನ್ನುತ್ತ ಬೆಟ್ಟಮ್ಮ ಬಾಗಿಲು ತಳ್ಳಿ ಒಳಗೆ ಬಂದಳು. ಚೀಲ ನೋಡಿ ಕೆನ್ನೆಗೆ ಕೈ ಹಚ್ಚಿದಳು. "ಅಯ್ಯೋ ನಿನ್ ಮನೆ ಕಾಯ್ವಾಗ! ಎದೆ ಮ್ಯಾಲೇ ಪೈರಿನ ಒಟ್ಲು ಬಿಟ್ಟಿದ್ದೀಯಲ್ಲೇ! ಇನ್ನೆಂಟು ದಿನ ಕಳೆದಿದ್ರೆ ಕಿತ್ತು ನಾಟಿ ಮಾಡ್ಬೋದಾಗಿತ್ತು."

"ಬಾಯ್ಮುಚ್ಚು ಅಕ್ಕಯ್ಯ, ಪುಟ್ಟತಾಯಿ ಕೇಳಿಸ್ಕೊಂಡಾಳು."

ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುತ್ತಲೇ ಚಿಕ್ಕಲಕ್ಷ್ಮಮ್ಮ ಎದೆಗೆ ಅಂಟಿದ್ದ ಕಾಳುಗಳನ್ನು ಒರೆಸತೊಡಗಿದಳು. ಒಂದೊಂದೇ ಉದುರಿದವು. ಕಂಕುಳ ಹತ್ತಿರ, ಗಾಯದ ಗುರುತು ಮುಗಿಯುವಲ್ಲಿ, ಒಂದು ಉದುರಲಿಲ್ಲ. ಉಗುರಿನಿಂದ ಕೆರೆದಳು. ಕಾಳು ಚರ್ಮದ ಮೇಲಿರಲಿಲ್ಲ, ಚರ್ಮದಡಿಯಲ್ಲಿತ್ತು. ಎರಡು ವರ್ಷ ಕಣ್ಣು ಮುಚ್ಚಿಯೇ ನೀರು ಹೊಯ್ದುಕೊಂಡ ಜಾಗ ಅದು. ಅವಳು ಮತ್ತೊಮ್ಮೆ ಒತ್ತಿ ನೋಡಿದಳು.

"ಏನೇ?"

"ಏನಿಲ್ಲ. ಓಗು, ಹಳೇ ಪಂಚೆ ತಗೊಂಡ್ಬಾ."

ಬೆಟ್ಟಮ್ಮ ರಾಗಿಯನ್ನು ತಿಪ್ಪೆಗೆ ಸುರಿದು, ಒದ್ದೆ ಚೀಲಕ್ಕೆ ಮತ್ತೆ ರಾಗಿ ಬೇಡವೆಂದು ಪಂಚೆಯ ಚೂರು ತುರುಕಿ ಕೊಟ್ಟಳು.

ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಗಂಡಿನ ತಾಯಿ ಕಾಮಾಕ್ಷಮ್ಮ ಜಗಲಿಯ ಚಾಪೆಯ ಮೇಲೆ ಕೂತು, ಹುಡುಗಿಯನ್ನು ನಡೆಸಿ ನೋಡಿ, ಮಾತಾಡಿಸಿ ನೋಡಿ, ಉಪ್ಪಿಟ್ಟು ಎರಡನೇ ಸಲ ಹಾಕಿಸಿಕೊಂಡಳು. ಚಿಕ್ಕಲಕ್ಷ್ಮಮ್ಮ ಒಳಗೂ ಹೊರಗೂ ಓಡಾಡಿದಳು. ಹಗುರ ಚೀಲ ಪ್ರತಿ ಸಲ ಬಗ್ಗಿದಾಗಲೂ ಒಂದೊಂದು ಬೆರಳು ಮೇಲೇರುತ್ತಿತ್ತು. ಅವಳು ಒಳಗೆ ಹೋಗಿ ಎಳೆದುಕೊಂಡು ಬರುವಳು. ಎಳೆದಾಗೆಲ್ಲ ಬೆರಳು ತಾನಾಗಿ ಕಂಕುಳ ಹತ್ತಿರ ಹೋಗುತ್ತಿತ್ತು. ಇದೆಯೇ? ಇದೆ. ಮತ್ತೆ ಮುಟ್ಟಿದಳು. ಇದೆ. ಕಾಳಿನಷ್ಟು ಗಟ್ಟಿ ಸಿಕ್ಕಿದರೂ ಅವತ್ತೇ ಹೊರಟು ಬಾ ಎಂದಿದ್ದರು ಮೈಸೂರಿನ ಡಾಕ್ಟರು.

"ನಿಮ್ ಕಡೆ ಕಾಯ್ಲೆ ಕಸಾಲೆ ಏನಿಲ್ಲ ತಾನೆ? ತೆಪ್ಪು ತಿಳ್ಕಾಬ್ಯಾಡಿ, ಕೇಳಾದ್ ಕೇಳ್ಬೇಕು" ಎಂದಳು ಕಾಮಾಕ್ಷಮ್ಮ.

ನೀರಿನ ಚೊಂಬು ಹಿಡಿದಿದ್ದ ಚಿಕ್ಕಲಕ್ಷ್ಮಮ್ಮ ಗಂಡನ ಮುಖ ನೋಡಿದಳು. ಚನ್ನಪ್ಪ ಎಲೆಯ ನಾರು ಬಿಡಿಸುತ್ತ ಕೂತಿದ್ದ.

"ಏನೂ ಇಲ್ಲ ಕಣ್ರವ್ವ" ಬೆಟ್ಟಮ್ಮನೇ ಅಂದಳು. "ನಮ್ ತಮ್ಮನ ಎಂಡ್ರನ್ನೇ ನೋಡಿ, ಗುಂಡುಕಲ್ಲಂಗವ್ಳೆ!"

ಎಲ್ಲರೂ ನಕ್ಕರು. ಬರುವ ಶುಕ್ರವಾರ ವೀಳ್ಯ, ವೈಶಾಖದಲ್ಲಿ ಧಾರೆ ಎಂದು ಮಾತಾಯಿತು. ಚಿಕ್ಕಲಕ್ಷ್ಮಮ್ಮ ಅಡಿಗೆಮನೆಗೆ ಹೋಗಿ ಗೋಡೆಗೆ ಒರಗಿ ನಿಂತಳು. ಹಿಂದೆಯೇ ಬಂದ ಬೆಟ್ಟಮ್ಮನ ಕೈ ಹಿಡಿದು, ಸೆರಗಿನೊಳಗೆ ಎಳೆದು, ಅವಳ ಬೆರಳನ್ನು ಆ ಜಾಗದ ಮೇಲೆ ಒತ್ತಿದಳು.

"ರಾಗಿ ಕಾಳು ಕಣೆ. ಅಂಟ್ಕೊಂಡೈತೆ" ಎಂದಳು ಬೆಟ್ಟಮ್ಮ.

"ಅಂಟ್ಕೊಂಡಿಲ್ಲ. ಒಳಗೈತೆ."

ಬೆಟ್ಟಮ್ಮ ಕೆಂಡ ಮುಟ್ಟಿದವಳಂತೆ ಕೈ ಎಳೆದುಕೊಂಡಳು. ಹೊರಗೆ ಕಾಮಾಕ್ಷಮ್ಮ ಎಲೆಗೆ ಸುಣ್ಣ ಕೇಳುತ್ತಿದ್ದಳು.

"ನಾನು ಮಧ್ಯಾಹ್ನದ ಬಸ್ಸಿಗೆ ಮೈಸೂರಿಗೆ ಓಗ್ತೀನಿ ಅಕ್ಕಯ್ಯ."

"ಉಚ್ಚು ಇಡೀತಾ ನಿಂಗೆ? ಓದ್ರೆ ತಿಂಗ್ಳುಗಟ್ಲೆ ಮಲಗಿಸ್ಕೊತಾರೆ. ವೀಳ್ಯಕ್ಕೆ ತಾಯಿನೇ ಇಲ್ದಿದ್ರೆ ಇವ್ರು ಕೇಳಾಕಿಲ್ವಾ? ಅರಕಲಗೂಡಿನವ್ರು ಮಾಡಿದ್ದು ಮರ್ತೋಯ್ತಾ?" ಯಾವತ್ತೂ ತಲೆ ಬಗ್ಗಿಸದ ಆ ಹಿರಿಯ ಹೆಂಗಸು ಬಗ್ಗಿ ಅವಳ ಕಾಲು ಮುಟ್ಟಿದಳು. "ಎರಡು ತಿಂಗ್ಳು ಕಣೆ, ನಮ್ಮವ್ವ. ಕೂಸಿನ ಕುತ್ಗೆಗೆ ತಾಳಿ ಬೀಳೋಗಂಟ ತಡ್ಕೊ. ಆಮೇಲೆ ನಾನೇ ಹೊತ್ಕೊಂಡೋಯ್ತೀನಿ."

ಚಿಕ್ಕಲಕ್ಷ್ಮಮ್ಮ ಕಾಲು ಹಿಂದಕ್ಕೆ ತೆಗೆದುಕೊಂಡಳು.

"ತಡಿಯಾಕಿಲ್ಲ ಅಕ್ಕಯ್ಯ" ಎಂದಳು. "ಒಂದ್ ದಿನಾನೂ ತಡಿಯಾಕಿಲ್ಲ."