ಬುಸುಗುಡದ ಹಾವು

ರೇಣುವಿಗೆ ಹಾವೆಂದರೆ ಜೀವ ಹೋಗುವಷ್ಟು ಭಯ. ಪುಸ್ತಕದಲ್ಲಿ ಹಾವಿನ ಚಿತ್ರವಿದ್ದರೆ ಆ ಪುಟವನ್ನು ಬೆರಳ ತುದಿಯಿಂದ ಮಗುಚುವ ಹೆಂಗಸು ಅವಳು. ಹೋದ ವರ್ಷ ಮಾವ ಜಟ್ಟೆಪ್ಪನಿಗೆ ಮೇವಿನ ಸೂಡಿನೊಳಗಿದ್ದ ಕೊಳಕುಮಂಡಲ ಕಚ್ಚಿತ್ತು. ಮನೆಯವರು ಮೊದಲು ಮಂತ್ರ ಹಾಕುವವನ ಬಳಿ ಹೊತ್ತೊಯ್ದು ಎರಡು ತಾಸು ಕಳೆದರು. ಸವದತ್ತಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೂಲಿ ಊರಿನ ಆಶಾ ಕಾರ್ಯಕರ್ತೆಯಾಗಿ ಕಂಡವರ ಮನೆಗೆಲ್ಲ ಹೋಗಿ ಆರೋಗ್ಯದ ಪಾಠ ಹೇಳುವ ತಾನು, ಸ್ವಂತ ಮನೆಯಲ್ಲಿ ಬಾಯಿ ಬಿಡಲಿಲ್ಲವಲ್ಲ ಎಂಬ ಸಂಕಟ ಅವಳನ್ನು ಆಮೇಲೆ ಬಿಟ್ಟಿರಲಿಲ್ಲ. ಏಳು ವರ್ಷದ ಮಗಳು ಸಪ್ನಾ ಹಿತ್ತಲಿಗೆ ಕಾಲಿಟ್ಟರೂ ಕೂಗಿ ಒಳಕ್ಕೆ ಕರೆಯುತ್ತಿದ್ದಳು.

ಹೀಗಿರುವಾಗ ಸವದತ್ತಿಯಲ್ಲಿ ಒಂದು ಸಂಸ್ಥೆಯವರು ಆಶಾ, ಅಂಗನವಾಡಿ ಹೆಂಗಸರಿಗೆ ಎರಡು ದಿನದ ತರಬೇತಿ ಇಟ್ಟರು. ಫೋನಿನಲ್ಲಿ ಎ.ಆರ್. ಮಾಡುವುದು ಹೇಗೆ ಎಂದು. ಹೆಸರು ಕೇಳಿಯೇ ಅರ್ಧ ಮಂದಿ ಊಟಕ್ಕೆ ಮಾತ್ರ ನಿಲ್ಲುವ ಲೆಕ್ಕ ಹಾಕಿದ್ದರು. ಕಲಿಸಲು ಬಂದ ಶ್ರೀಶೈಲ ಎಂಬ ಹುಡುಗ ಮಾತ್ರ ಬಲು ತಾಳ್ಮೆಯವನು.

"ಫೋನಿನ ಕ್ಯಾಮೆರಾದಾಗ ಇಲ್ಲದ್ದನ್ನ ಇದ್ದಂಗ ತೋರ್ಸೂದ್ರಿ ಅಕ್ಕಾರ, ಅಷ್ಟ. ನಿಮಗ ವಾಟ್ಸ್ಯಾಪಿನ್ಯಾಗ ಫೋಟೋ ಕಳಸಾಕ ಬರತೈತಿ ಅಂದ್ರ ಇದೂ ಬರತೈತ್ರಿ," ಎಂದ.

ಮೊದಲ ದಿನ ನಗೆಪಾಟಲಾಯಿತು. ಒಬ್ಬ ಅಂಗನವಾಡಿ ಟೀಚರ್ ಫೋನಿನಲ್ಲಿ ಇಟ್ಟ ಮಾವಿನ ಹಣ್ಣು ಬಸ್ಸಿನಷ್ಟು ದೊಡ್ಡದಾಗಿ ಬಂದಿತು. ರೇಣು ಕಣ್ಣು ಅರೆಮುಚ್ಚಿ ಆರಿಸಿದ ಹಾವು ಮೇಜಿಗೂ ಫ್ಯಾನಿಗೂ ನಡುವೆ ಗಾಳಿಯಲ್ಲಿ ತೂಗಾಡಿತು. ಮೊದಲು ಫೋನನ್ನು ನೆಲದ ಮೇಲೆ ನಿಧಾನ ಆಡಿಸಬೇಕು, ನೆಲ ಯಾವುದೆಂದು ಅದಕ್ಕೆ ಗೊತ್ತಾಗಿ ಚುಕ್ಕಿ ಮೂಡಬೇಕು, ಆಮೇಲೆ ಹಣ್ಣೋ ಹಾವೋ ಆರಿಸಿದ ಗೊಂಬೆಯನ್ನು ಅಲ್ಲಿ ಇಡಬೇಕು. ನುಣುಪು ಫರಸಿ ಕಲ್ಲಿನ ಮೇಲೆ ಚುಕ್ಕಿ ಮೂಡದಿದ್ದರೆ ಒಂದು ಗೋಣಿಚೀಲ ಹಾಸಬೇಕು. ಎರಡನೆಯ ದಿನದ ಚಹಾದ ಹೊತ್ತಿಗೆ ರೇಣುವಿನ ಕೊಳಕುಮಂಡಲ ಗೋಣಿಚೀಲದ ಮೇಲೆ ಸುರುಳಿ ಸುತ್ತಿ, ಮೈಮೇಲಿನ ಕಂದು ಸರಪಳಿ ಸಮೇತ, ನಿಜದ್ದೇ ಎನ್ನುವಂತೆ ಮಲಗಿತ್ತು. ಅವಳಿಗೆ ಬೆನ್ನ ಮೇಲೆ ಬೆವರು. ಆದರೂ ಬಿಡಲಿಲ್ಲ. ಊರಿನ ಮಕ್ಕಳಿಗೆ ಹಾವಿನ ಗುರುತು ಕಲಿಸಬೇಕು, ಮಾವನಂತೆ ಇನ್ನೊಬ್ಬರು ಹೋಗಬಾರದು ಎಂಬ ಹಟ ಅವಳದು.

ಊರಿಗೆ ಬಂದು ಅಂಗನವಾಡಿಯ ಪಡಸಾಲೆಯಲ್ಲಿ ತೋರಿಸಿದಳು. ಹಾವು ಕುಕ್ಕರಿನಂತೆ ಬುಸ್ಸೆಂದಿತು. ಮಕ್ಕಳು ಚೀರಿ ಓಡಿದವು. ಒಂದು ಕೂಸು ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡಿತು. ರೇಣು ಶ್ರೀಶೈಲನಿಗೆ ಫೋನು ಹಚ್ಚಿದಳು.

"ಸೌಂಡ್ ಬಂದ್ ಮಾಡ್ರಿ ಅಕ್ಕಾರ. ಹತ್ತರ ಹೋಗಿ ಒತ್ತಿದ್ರ ಏನರ ಚಲೋದು ಆಗ್ಬೇಕು, ಅಂದ್ರ ಮಕ್ಕಳು ಕಲೀತಾವ," ಎಂದ ಅವನು.

ಅವಳು ಹಾಗೆಯೇ ಮಾಡಿದಳು. ಸದ್ದು ತೆಗೆದಳು. ಒಂದು ಮಾರು ಹತ್ತಿರ ಹೋಗಿ ಒತ್ತಿದರೆ ಹಾವಿನ ಹೆಸರು ಮೂಡಿ, ಬಣ್ಣದ ನಕ್ಷತ್ರ ಸುರಿಯುವಂತೆ ಮಾಡಿದಳು. ಮಕ್ಕಳು ಮುಗಿಬಿದ್ದವು. ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯನ್ನು ಹಾವಿನ ಮೈಯೊಳಗೆ ತೂರಿಸುವ ಆಟವನ್ನು ತಾವೇ ಹುಡುಕಿಕೊಂಡವು. ಆ ಹಾವಿನ ಲಿಂಕು ವಾಟ್ಸ್ಯಾಪ್ ಗುಂಪಿನಿಂದ ಗುಂಪಿಗೆ ಹೋಗಿ ಊರ ತುಂಬ ಹಬ್ಬಿತು. ಇಲಾಖೆಯ ಮೇಲಿನವರು ಬಂದು ಚಪ್ಪಾಳೆ ತಟ್ಟಿ ಫೋಟೋ ತೆಗೆಸಿಕೊಂಡು ಹೋದರು. ಮೆಚ್ಚುಗೆ ಯಾರ ತಲೆಗೆ ಏರುವುದಿಲ್ಲ? ರೇಣುವಿಗೂ ಏರಿತ್ತು. ಅತ್ತೆ ಪದ್ಮವ್ವ ಒಬ್ಬಳೇ ಗೊಣಗಿದವಳು.

"ಹಾವಿನ ಜೋಡಿ ಆಟ ಚಂದಲ್ಲ ರೇಣು. ನನ್ನ ಮನಸಿಗೆ ಬರವಲ್ದು."

"ಅದು ಬರೇ ಬೆಳಕ ಐತ್ರಿ ಅತ್ತಿ. ಹಾವಲ್ಲ," ಎಂದು ರೇಣು ನಕ್ಕಿದ್ದಳು.

ಅದಾದ ಹದಿನೈದು ದಿನಕ್ಕೆ, ಒಂದು ಭಾನುವಾರ ಮುಂಜಾನೆ, ಪದ್ಮವ್ವ ಉಗರಗೋಳದ ತಂಗಿಯ ಮನೆಗೆ ಹೋಗಿದ್ದಳು. ರೇಣು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಸಪ್ನಾ ಫೋನು ಹಿಡಿದು ಹಿತ್ತಲಲ್ಲಿದ್ದಳು.

"ಯವ್ವಾ, ಇದಕ್ಕ ಮತ್ತ ಸೌಂಡ್ ಹಾಕೀಯೇನ?" ಎಂದು ಅಲ್ಲಿಂದಲೇ ಕೇಳಿದಳು.

"ಇಲ್ಲಲ್ಲ. ಯಾಕ?" ರೇಣು ಹಿಟ್ಟಿಗೆ ನೀರು ಸವರುತ್ತ ಅಂದಳು.

"ಬುಸ್ ಅನ್ನಾಕತ್ತೇತಿ."

ರೇಣು ಹಿಟ್ಟು ಅಲ್ಲೇ ಬಿಟ್ಟಳು. ಎದ್ದದ್ದು, ಬಾಗಿಲಿಗೆ ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಸೆಗಣಿ ಕುಳ್ಳಿನ ರಾಶಿಯ ಬುಡದಲ್ಲಿ ಸಪ್ನಾ ಕುಕ್ಕರಗಾಲಲ್ಲಿ ಕುಳಿತಿದ್ದಳು. ಎಡಗೈಯಲ್ಲಿ ಫೋನು, ಕಣ್ಣು ಫೋನಿನೊಳಗೆ. ಬಲಗೈ ಮುಂದೆ ಚಾಚಿತ್ತು. ಬೆರಳಿನಿಂದ ಎರಡು ಗೇಣು ಆಚೆ ಕೊಳಕುಮಂಡಲ ಸುರುಳಿ ಸುತ್ತಿಕೊಂಡು, ಕತ್ತು ಹಿಂದಕ್ಕೆಳೆದು, ಉಬ್ಬಿ ಇಳಿಯುತ್ತಿತ್ತು.

ಚೀರಬೇಕೆಂದು ಬಾಯಿ ತೆರೆದಳು, ಚೀರಲಿಲ್ಲ. ಚೀರಿದರೆ ಮಗು ಬೆಚ್ಚುತ್ತದೆ, ಬೆಚ್ಚಿದರೆ ಕೈ ಅಲುಗುತ್ತದೆ. ರೊಟ್ಟಿ ತಿನ್ನಲು ಕರೆಯುವ ದನಿಯಲ್ಲೇ ಮಾತಾಡಿದಳು.

"ಸಪ್ನಾ, ಆ ಕೈ ಸಾವಕಾಶ ಹಿಂದಕ್ಕ ತಗೋ ನೋಡೂಣು."

"ತಡಿ ಯವ್ವಾ, ಸ್ಟಾರ್ ಬರವಲ್ದು."

"ಬರತಾವು. ಮೊದಲ ಕೈ ತಗೋ. ಹಾಂ. ಈಗ ಫೋನ್ ಕೆಳಗ ಇಳಸು."

ಮಗು ಫೋನು ಇಳಿಸಿತು. ನೆಲ ನೋಡಿತು. ಮತ್ತೆ ಫೋನು ನೋಡಿತು, ಮತ್ತೆ ನೆಲ.

"ಯವ್ವಾ," ಎಂದಿತು, ದನಿ ಸಣ್ಣದಾಗಿ. "ಫೋನ್ ಇಳಿಸಿದ್ರೂ ಐತಿ."

"ಇರ್ಲಿ. ಕುಂತಲ್ಲೇ ಹಿಂದಕ್ಕ ಸರಕೋತ ಬಾ. ನನ್ನ ಕಡೆ. ಅವಸರ ಬ್ಯಾಡ."

ಮೂರು ಮಾರು ದಾರಿ. ಅಷ್ಟಕ್ಕೆ ಒಂದು ಜನ್ಮ ಹಿಡಿಯಿತು. ಲಂಗದ ತುದಿ ಕೈಗೆ ಸಿಕ್ಕಿದ ಕೂಡಲೇ ರೇಣು ಮಗಳನ್ನು ಎಳೆದು ಎದೆಗೊತ್ತಿಕೊಂಡಳು, ಬಾಗಿಲು ಹಾಕಿ ಅಗುಳಿ ಜಡಿದಳು, ಬೆರಳು ಬೆರಳನ್ನೂ ತಿರುಗಿಸಿ ನೋಡಿದಳು. ಎಲ್ಲೂ ಗಾಯವಿರಲಿಲ್ಲ. ಆಗ ಅಳು ಬಂತು. ಅಳು ಕೇಳಿ ಪಕ್ಕದ ಮನೆಯ ಉಳವಪ್ಪ ಕೋಲು ಹಿಡಿದು ಬಂದು, ಹಾವು ಹಿಡಿಯುವವರು ಬರುವ ತನಕ ದೂರದಲ್ಲಿ ಕಾವಲು ನಿಂತ. ಅವನ ಹೆಂಡತಿ ಸಪ್ನಾಳನ್ನು ತಮ್ಮ ಮನೆಗೆ ಕರೆದೊಯ್ದಳು.

ರೇಣು ಹಿಟ್ಟು ಮೆತ್ತಿದ ಬೆರಳಿನಿಂದಲೇ ಫೋನು ತೆರೆದು ತನ್ನ ಹಾವನ್ನು ಅಳಿಸಿದಳು. ಅಳಿಸಲೇ ಎಂದು ಅದು ಎರಡು ಸಲ ಕೇಳಿತು. ಹೂಂ ಎಂದಳು. ಇನ್ನು ಊರಿನ ಯಾರ ಫೋನಿನಲ್ಲೂ ಅದು ಬರುವುದಿಲ್ಲ. ಆದರೆ ಹಾವು ಕಂಡರೆ ಹತ್ತಿರ ಹೋಗು, ಕೈ ಚಾಚು ಎಂದು ನಲವತ್ತು ಮಕ್ಕಳಿಗೆ ತಾನು ಕಲಿಸಿದ್ದನ್ನು ಅಳಿಸಲು ಶ್ರೀಶೈಲ ಯಾವ ಗುಂಡಿಯನ್ನೂ ಹೇಳಿಕೊಟ್ಟಿರಲಿಲ್ಲ. ಮಕ್ಕಳನ್ನು ಹಾವಿನ ಹತ್ತಿರ ಬಿಡಬೇಡಿರಿ ಎಂದು ಗುಂಪಿಗೆ ಮೆಸೇಜು ಹಾಕಿದಳು. ಭಾನುವಾರ ಯಾರು ಓದುತ್ತಾರೆ? ಎದ್ದು ಮನೆಮನೆಗೆ ಹೊರಟಳು.

ಮೊದಲು ಸಿಕ್ಕಿದ್ದು ಹಳೆಯ ಗುಡಿಯ ಮಗ್ಗುಲಿನ ಬಾಯವ್ವನ ಮನೆ. ಮುದುಕಿ ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದಳು. ರೇಣುವನ್ನು ಕಂಡು ಮುಖ ಅರಳಿತು.

"ಬಾರವಾ ರೇಣವ್ವ. ನೂರು ವರ್ಷ ಬಾಳವಾ. ನಮ್ಮ ಕೂಸಿಗೆ ಹಾವಿನ ಅಂಜಿಕೀನ ಇಲ್ದಂಗ ಮಾಡೀದಿ ನೋಡು."

"ಮೊಮ್ಮಗಳೆಲ್ಲಿ ಅದಾಳ್ರಿ, ಆಯಿ?"

"ಗುಡಿ ಹಿಂದ ಒಂದು ಹಾವು ಬಂದೈತಂತ. ಓಣ್ಯಾಗಿನ ಹುಡುಗ್ರೆಲ್ಲಾ ನೋಡಾಕ ಹೋಗ್ಯಾವು. ಕುಂದರು, ಚಾ ಕುಡಿಯಂತಿ."

"ಫೋನ್ ತಗೊಂಡು ಹೋಗ್ಯಾಳೇನ್ರಿ?" ಹಾಗೆಯೇ ಆಗಿರಲಿ, ಅದು ತಾನು ಅಳಿಸುವ ಮೊದಲು ಕಂಡ ಬೆಳಕಿನ ಹಾವೇ ಆಗಿರಲಿ ಎಂದು ರೇಣು ಒಳಗೊಳಗೆ ಬೇಡಿಕೊಂಡಳು.

"ಇಲ್ಲವಾ, ಅಲ್ಲೇ ಚಾರ್ಜಿಗೆ ಇಟ್ಟೇತಿ ನೋಡು," ಎಂದು ಬಾಯವ್ವ ಗೋಡೆಯ ಗೂಡಿನ ಕಡೆ ಕೈ ಮಾಡಿದಳು.

ರೇಣು ಓಡಿದಳು. ಚಪ್ಪಲಿ ಕಟ್ಟೆಯ ಕೆಳಗೇ ಉಳಿಯಿತು. ಗುಡಿಯ ಹಿಂದೆ ಮುರಿದ ಕಂಬ, ಕಲ್ಲುಗಳ ಗುಡ್ಡೆ. ಅಲ್ಲಿಂದ ಮಕ್ಕಳ ನಗು ಕೇಳುತ್ತಿತ್ತು. ಹಾವಿಗೆ ಅಂಜಿ ಹಗಲಲ್ಲೂ ಆ ಕಡೆ ಸುಳಿಯದವಳು ಬರಿಗಾಲಲ್ಲಿ ಆ ಕಲ್ಲುಗಳನ್ನು ಏರಿದಳು. ಕೆಳಗೆ ಆರೇಳು ಮಕ್ಕಳು ಅರ್ಧ ಸುತ್ತಾಗಿ ನಿಂತು ಒಬ್ಬರನ್ನೊಬ್ಬರು ಮುಂದಕ್ಕೆ ನೂಕುತ್ತಿದ್ದರು. ಅವರಿಗೂ ಅವಳಿಗೂ ನಡುವೆ, ಬಿಸಿಲು ಬಿದ್ದ ಕಲ್ಲಿನ ಮೇಲೆ, ಅದು ಇತ್ತು. ಬಾಯವ್ವನ ಮೊಮ್ಮಗಳು ಬಗ್ಗಿ ಕೈ ಚಾಚಿದ್ದಳು.

ಮೆಲ್ಲನೆ ಹೇಳಿದರೆ ಈ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ. ಹಿತ್ತಲಲ್ಲಿ ಮಗಳಿಗಾಗಿ ನುಂಗಿಕೊಂಡ ಚೀರಾಟವೆಲ್ಲ ಒಮ್ಮೆಲೇ ಹೊರಬಂತು. ರೇಣು ಕೂದಲು ಕೆದರಿಕೊಂಡು, ಎರಡೂ ಕೈ ಮೇಲೆತ್ತಿ, ಹೊಟ್ಟೆ ಹರಿಯುವಂತೆ ಚೀರಿದಳು. ಚೀರುತ್ತಲೇ ಇದ್ದಳು.

ಮಕ್ಕಳು ತಲೆಯೆತ್ತಿದವು. ಸೂಜಿ ಹಾಕಿಸುವಾಗಲೂ ನಗಿಸುವ ಆಶಾ ಆಂಟಿಯ ಅಂಥ ಮುಖವನ್ನು ಅವು ಎಂದೂ ಕಂಡಿರಲಿಲ್ಲ. ಹಾವಿಗೆ ಅಂಜದ ಮಕ್ಕಳು ಅವಳಿಗೆ ಅಂಜಿ, ಬಿದ್ದು ಎದ್ದು ಓಣಿಯ ಕಡೆ ಓಡಿದವು. ಹಾವು ಕಲ್ಲಿನ ಸಂದಿಗೆ ಸರಿದು ಹೋಯಿತು.

ಅವಳು ಕಟ್ಟೆಗೆ ಮರಳಿದಾಗ ಮೊಮ್ಮಗಳು ಬಾಯವ್ವನ ಸೆರಗಿನೊಳಗೆ ಮುಖ ಹುದುಗಿಸಿ ಬಿಕ್ಕುತ್ತಿದ್ದಳು.

"ಏನ ಮಾಡಿದೆವಾ ಕೂಸಿಗೆ? ಅಂಜಿ ನಡಗಾಕತ್ತೇತಿ," ಎಂದು ಮುದುಕಿ ಸಿಟ್ಟಿನಿಂದ ಕೇಳಿದಳು. "ಬಾ, ನೀನ ಎತ್ತಿಕೊಂಡು ಸುಮ್ಮನ ಮಾಡು."

ರೇಣು ಮಗುವಿನ ಎರಡೂ ಅಂಗೈ ಬಿಡಿಸಿ ನೋಡಿದಳು. ಚೊಕ್ಕಟವಾಗಿದ್ದವು.

"ಅಳಲಿ ಬಿಡ್ರಿ ಆಯಿ," ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಮುಂದಿನ ಮನೆಗೆ ನಡೆದಳು.