ಉರಿಯೂತ ಇಲ್ಲದವರ ಊರು

ಅನ್ನ, ಸಕ್ಕರೆ ಬಿಟ್ಟು ಕೊಬ್ಬನ್ನೇ ತಿನ್ನುವ ಮೂರು ತಿಂಗಳ ಕೀಟೊ ಊಟದಿಂದ ಕಗೇನಿ ಏಳು ಕಿಲೊ ಇಳಿದಿದ್ದಳು. ರಕ್ತದ ಸಕ್ಕರೆಯೂ ಇಳಿದಿತ್ತು. ಕೆಟ್ಟ ಕೊಲೆಸ್ಟ್ರಾಲ್ ಮಾತ್ರ ಏರಿತ್ತು. ನೈರೋಬಿಯಲ್ಲಿ ವಿಜ್ಞಾನ ಕಲಿಸುವ ಟೀಚರ್ ಆಕೆ, ಲಾಭ ನಷ್ಟ ಎರಡನ್ನೂ ಮರೆತಿರಲಿಲ್ಲ. ಈಗ ಈ ಊಟ ಹೇಳಿಕೊಟ್ಟ ಕೋಚ್ ಕರೂರಿ, ಸಕ್ಕರೆ ಕಾಯಿಲೆಯ ಮಾತ್ರೆಯನ್ನೇ ಬಿಟ್ಟುಬಿಡಿ ಎನ್ನುತ್ತಿದ್ದ. ಬಿಡುವುದೋ ಬೇಡವೋ ಎಂದು ಅವಳು ತೂಗುತ್ತಿರುವಾಗಲೇ, ಪುರಾವೆ ತೋರಿಸುತ್ತೇನೆಂದು ಅವಳೂ ಸೇರಿ ಹನ್ನೆರಡು ಮಂದಿ ಶಿಷ್ಯರನ್ನು ವ್ಯಾನಿಗೆ ತುಂಬಿಕೊಂಡು ಅವನು ಕಾಜಿಯಾಡೊ ಕಡೆಯ ದನಗಾಹಿ ಮಸಾಯಿಗಳಲ್ಲಿಗೆ ಹೊರಟ.

"ಬರೀ ಮಾಂಸ, ಹಾಲು. ಎಲ್ಲ ರೋಗಕ್ಕೂ ಮೂಲ ಉರಿಯೂತ, ಅವರ ಮೈಯಲ್ಲಿ ಅದು ಅನ್ನೋದೇ ಇಲ್ಲ!" ದಾರಿಯುದ್ದಕ್ಕೂ ಇದೇ ಪ್ರವಚನ.

ಮಸಾಯಿಗಳ ಮನೆಗೆ ಹೋಗುವವರು ಸಕ್ಕರೆ, ಚಹಾಪುಡಿ ಹಿಡಿದೇ ಹೋಗಬೇಕು. ಕೋಚ್ ಸಕ್ಕರೆಯನ್ನು ವ್ಯಾನಿಗೇ ಹತ್ತಿಸಿರಲಿಲ್ಲ. ಹದಿಮೂರು ಜನ ಬರಿಗೈಯಲ್ಲಿ ಅಂಗಳದಲ್ಲಿ ನಿಂತರು. ಮನೆಯೊಡತಿ ನಶಿಪಾಯಿ ಒಬ್ಬೊಬ್ಬರ ಕೈಯನ್ನೂ ನೋಡಿದಳು.

"ಸಕ್ಕರೆ ವ್ಯಾನಲ್ಲೇ ಬಿಟ್ರೇನಪ್ಪ?"

"ಸಕ್ಕರೆ ವಿಷ ಕಣಮ್ಮ. ನಿಮ್ಮೋರೇ ನಮಗೆ ಕಲಿಸಿದ್ದು," ಎಂದ ಕೋಚ್.

"ಹಂಗೆ ಕಲಿಸಿದೋನು ಯಾರವನು? ಕರ್ಕೊಂಡು ಬಾ, ಬೈಬೇಕು," ಎನ್ನುತ್ತ ಅವಳ ಗಂಡ, ಮುದುಕ ಲೆಮಾಯನ್, ತನ್ನ ಚಹಾಕ್ಕೆ ನಾಲ್ಕನೇ ಚಮಚ ಸುರಿದ. "ನಾವು ದಿನಾ ತಿನ್ನೋದು ಮೆಕ್ಕೆಜೋಳದ ಮುದ್ದೆ, ಉಗಾಲಿ. ಮಾಂಸ ಮದುವೆ ಇದ್ರೆ. ನಮ್ಮಜ್ಜ ದನದ ಹಾಲು, ರಕ್ತ ಕುಡೀತಿದ್ದ, ನಿಜ. ದನದ ಹಿಂದೆ ದಿನವಿಡೀ ನಡೀತಿದ್ದ. ನೀನು ವ್ಯಾನಿಂದ ಇಲ್ಲೀವರೆಗೆ ಬರೋಕೇ ಏದುಸಿರು ಬಿಟ್ಟೆ."

ಕೋಚ್ ಮಾತು ಬದಲಿಸಲು ಸಕ್ಕರೆ ಅಳೆಯುವ ಯಂತ್ರ ತೆಗೆದು ಮುದುಕನ ಬೆರಳು ಚುಚ್ಚಿ ನೋಡಿದ. ಸಕ್ಕರೆ ವಿಪರೀತ. ಒಂದು ಕ್ಷಣ ಪೆಚ್ಚಾದವನು ಮರುಕ್ಷಣವೇ ಅರಳಿದ.

"ನೋಡಿದ್ರಾ! ಪೂರ್ವಜರ ಊಟ ಬಿಟ್ಟಿದ್ದಕ್ಕೆ ಶಿಕ್ಷೆ!"

ಚಪ್ಪಾಳೆ ಬಿತ್ತು.

"ಕಡಿಮೆ ಬಂದಿದ್ರೆ ಏನಂತಿದ್ರಿ ಕೋಚ್?" ಕಗೇನಿ ಕೇಳಿದಳು.

"ಪೂರ್ವಜರ ಊಟದ ಮಹಿಮೆ ಅಂತಿದ್ದೆ!"

"ಮತ್ತೆ ಎಷ್ಟು ಬಂದಿದ್ರೆ ನಿಮ್ಮ ಮಾತು ತಪ್ಪು ಅಂತ ಒಪ್ತಿದ್ರಿ?"

ಕೋಚ್ ಕರುಣೆಯಿಂದ ನೋಡಿದ. "ಮೇಡಂ, ಮಾತಾಡ್ತಿರೋದು ನೀವಲ್ಲ. ನಿಮ್ಮ ಉರಿಯೂತ."

ಕಗೇನಿಗೆ ಉತ್ತರ ಸಿಕ್ಕಿತು. ಊಟ ಅವಳಿಗೆ ಒಗ್ಗಿದ್ದು ಸುಳ್ಳಲ್ಲ. ಆದರೆ ಯಾವ ಫಲಿತಾಂಶಕ್ಕೂ ಸೋಲದವನ ಮಾತಿಗೆ ಮಾತ್ರೆ ಬಿಡಲಾಗದು. ಕಡಿಮೆ ಮಾಡುವುದಿದ್ದರೆ ವೈದ್ಯರು ಹೇಳಲಿ. ಎಲ್ಲರೆದುರೇ ಮಾತ್ರೆ ತೆಗೆದು ನುಂಗಿದಳು.

ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರೂ ಮುದುಕನಿಗೆ ಏನೂ ಹೇಳಿರಲಿಲ್ಲ. ಕಗೇನಿ ನಶಿಪಾಯಿಯ ಪಕ್ಕ ಹೋಗಿ ಕುಳಿತಳು.

"ಅಮ್ಮ, ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಇವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಸಕ್ಕರೆ ಕಾಯಿಲೆ ಇದ್ಯಾ ಅಂತ ರಕ್ತ ಪರೀಕ್ಷೆ ಮಾಡ್ಸಿ."