ಆಯಿಲ್ ಕೂಲರ್ ತೊಳೆದ ದಿನ

ನನ್ನ ಬಾಯಿ ಒಳ್ಳೆಯದಲ್ಲ. ನಮ್ಮ ಗ್ಯಾರೇಜಿಗೆ ಗಾಡಿ ತರುವ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ಎರಡು ವರ್ಷ ಆಯಿಲ್ ಬದಲಿಸದೆ ಓಡಿಸಿಕೊಂಡು ಬಂದವರಿಗೆ ಮುಖ ಮೂತಿ ನೋಡದೆ ಬೈದಿದ್ದೇನೆ. ಅವರಲ್ಲಿ ಒಬ್ಬರು ನ್ಯಾಯಾಧೀಶರು. ಬೈಸಿಕೊಂಡವರು ಮತ್ತೆ ನಮ್ಮಲ್ಲಿಗೇ ಬರುತ್ತಾರೆ, ಯಾಕೆಂದರೆ ಕೆಲಸ ಮಾಡುವವನು ನನ್ನ ಅಣ್ಣ.

ಅಣ್ಣನಿಗೆ ಅರವತ್ತೆಂಟು, ನನಗೆ ಐವತ್ತೈದು. ಅವನು ಉದ್ದನೆಯ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಆನಿಸಿ, ಹಿಡಿಗೆ ಕಿವಿ ಕೊಟ್ಟರೆ ಯಾವ ಸಿಲಿಂಡರಿನಲ್ಲಿ ಏನು ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದ. ಎಲ್ಲರೂ ಅವನನ್ನು 'ಡಾಕ್ಟ್ರು' ಎಂದೇ ಕರೆಯುತ್ತಿದ್ದರು. ನಾನು ಕಲಿತಿದ್ದೆಲ್ಲ ಅವನಿಂದಲೇ, ಬೈಯುವುದನ್ನೂ ಸೇರಿಸಿ.

ಹೋದ ವರ್ಷ ಡಾಕ್ಟ್ರು ಒಂದು ಕಾರಿನ ಮುಂದಿನ ಚಕ್ರ ಹಾಕಿ ನಟ್ಟು ಬಿಗಿಮಾಡುವುದನ್ನು ಮರೆತರು. ನಮ್ಮ ಗೇಟು ದಾಟುವಷ್ಟರಲ್ಲಿ ಚಕ್ರ ಕಳಚಿಕೊಂಡಿತು. ಒಳಗಿದ್ದ ತಾಯಿಗೂ ಮಗುವಿಗೂ ಏನೂ ಆಗಲಿಲ್ಲ, ಅದೊಂದು ಪುಣ್ಯ. ಅವತ್ತು ನಾನು ಅಣ್ಣನಿಗೆ ಬೈದ ರೀತಿಗೆ ಪಕ್ಕದ ಬಡಗಿ ಗರಗಸ ನಿಲ್ಲಿಸಿ ಹೊರಗೆ ಬಂದ. ಅಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡ. ಮರುದಿನ ನನಗಿಂತ ಮೊದಲೇ ಬಂದು ಅಂಗಳದಲ್ಲಿದ್ದ ಗಾಡಿಗಳ ನಟ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿಮಾಡಿದ್ದ.

ಅತ್ತಿಗೆ ಮಾತ್ರ ಪಟ್ಟು ಹಿಡಿದರು. ಇನ್ನು ಸಾಕು, ಮನೆಯಲ್ಲಿರಲಿ ಎಂದು. ಆ ಜಗಳ ನಡೆಯುತ್ತಿರುವಾಗಲೇ ಅಣ್ಣನ ಕಾರು ಕೈಕೊಟ್ಟಿತು. ಹನ್ನೊಂದು ವರ್ಷದ ಟರ್ಬೋ ಕಾರು, ದಿನಾ ಮನೆಯಿಂದ ಗ್ಯಾರೇಜಿಗೆ ಅವನು ಬರುತ್ತಿದ್ದುದು ಅದರಲ್ಲೇ. ಬೇರಿಂಗ್ ಸವೆದು ಎಂಜಿನ್ನಿನ ಒಳಗೇ ಪುಡಿಯಾಗಿತ್ತು. ಆ ಮಾದರಿಯ ಎಂಜಿನ್ ಇಲ್ಲಿ ಸಿಗುವುದಿಲ್ಲ. ಹೊರದೇಶದಲ್ಲಿ ಕಡಿಮೆ ಓಡಿದ ಕಾರುಗಳಿಂದ ಬಿಚ್ಚಿ ಕಳಿಸುತ್ತಾರಲ್ಲ, ಅಂಥದ್ದೊಂದಕ್ಕೆ ಹೇಳಿದೆವು. ಅದು ಇನ್ನೂ ಹಡಗಿನಲ್ಲಿದ್ದಾಗ ಅಣ್ಣ ಊಟದ ಮೇಜಿನಲ್ಲಿ ಕರಾರು ಮುಂದಿಟ್ಟ.

"ಆ ಎಂಜಿನ್ನನ್ನ ನಾನೊಬ್ನೇ ಕೂರಿಸ್ತೀನಿ. ಮೂರು ತಿಂಗಳು ಸರಿಯಾಗಿ ಓಡಿದ್ರೆ ಮತ್ತೆ ಯಾರೂ ನನ್ನ ತಂಟೆಗೆ ಬರಬಾರ್ದು. ಓಡಲಿಲ್ಲ ಅಂದ್ರೆ ನಾನೇ ಮನೇಲಿ ಕೂರ್ತೀನಿ."

"ಮನೇಲಿ ಕೂತ್ರೆ ನನ್ನ ಮಿಕ್ಸಿ ಬಿಚ್ಚಿ ಹರಡ್ತೀರ, ಅದೊಂದೇ ಭಯ," ಎಂದರು ಅತ್ತಿಗೆ. "ಆಗ್ಲಿ, ನೋಡೇ ಬಿಡೋಣ."

ಅಣ್ಣ ನನ್ನ ಕಡೆ ತಿರುಗಿದ. "ನೀನು ಕೈ ಹಾಕಂಗಿಲ್ಲ. ಆದ್ರೆ ತಪ್ಪು ಕಂಡ್ರೆ ಸುಮ್ನಿರ್ಬೇಡ, ಬೈ."

"ಅದನ್ನೂ ಹೇಳ್ಕೊಡ್ಬೇಕಾ ನಂಗೆ?" ಎಂದೆ. ಮೂವರೂ ನಕ್ಕೆವು.

ಎಂಜಿನ್ ಬಂತು. ಮರದ ಚೌಕಟ್ಟಿನ ಮೇಲೆ ಕೂತು, ಮೈತುಂಬ ಪ್ಲಾಸ್ಟಿಕ್ ಸುತ್ತಿಕೊಂಡು, ನಮಗೆ ಓದಲು ಬಾರದ ಲಿಪಿಯಲ್ಲಿ ಹಳದಿ ಬಣ್ಣದಲ್ಲಿ ಏನೋ ಬರೆಸಿಕೊಂಡು ಬಂತು. ಅಣ್ಣ ಪ್ಲಾಸ್ಟಿಕ್ ಕತ್ತರಿಸಿ, ಸ್ಪ್ಯಾನರ್ ಹಾಕಿ ಕೈಯಿಂದಲೇ ಎರಡು ಸುತ್ತು ತಿರುಗಿಸಿದ. "ಒಳ್ಳೆ ಮನೇಲಿ ಬೆಳೆದಿದೆ," ಎಂದ. ಟರ್ಬೋ ಅದರ ಜೊತೆಗೇ ಬಂದಿತ್ತು. ಆಯಿಲ್ ಕೂಲರ್ ಇರಲಿಲ್ಲ, ಅಲ್ಲಿಯವರು ಬಿಚ್ಚಿಟ್ಟುಕೊಂಡಿದ್ದರು.

ಅವನು ಕೆಲಸ ಮಾಡಿದ ಚೆಂದ ನೋಡಬೇಕಿತ್ತು. ತನ್ನ ಮರೆವಿನ ಮೇಲೆ ಅವನಿಗೇ ಕಣ್ಣಿತ್ತು. ದೊಡ್ಡ ರಟ್ಟಿನ ಮೇಲೆ ಎಂಜಿನ್ನಿನ ಚಿತ್ರ ಬರೆದು, ಬಿಚ್ಚಿದ ಒಂದೊಂದು ಬೋಲ್ಟನ್ನೂ ಅದರದರ ಜಾಗದಲ್ಲೇ ಚುಚ್ಚಿಟ್ಟ. ಬಿಗಿಮಾಡಿದ್ದಕ್ಕೆಲ್ಲ ಬಿಳಿ ಬಣ್ಣದ ಗೆರೆ ಎಳೆದ. ಹಳೆಯ ಎಂಜಿನ್ನನ್ನು ಚೈನಿನಲ್ಲಿ ಎತ್ತಿ ಹೊರಗಿಟ್ಟ, ಕ್ಲಚ್ ಪ್ಲೇಟ್ ಹೊಸದು ಹಾಕಿದ, ವೈರಿಂಗನ್ನು ಎಳೆ ಎಳೆಯಾಗಿ ಹೊಸ ಎಂಜಿನ್ನಿಗೆ ದಾಟಿಸಿದ. ಅವನು ಚಹಾಕ್ಕೆ ಹೋದಾಗ ನಾನು ಕಳ್ಳನಂತೆ ಹೋಗಿ ನಟ್ಟುಗಳನ್ನು ಪರೀಕ್ಷಿಸುತ್ತಿದ್ದೆ. ಒಂದೂ ಸಡಿಲವಿರಲಿಲ್ಲ. ಗೆದ್ದ ನಮ್ಮಣ್ಣ, ಅಂದುಕೊಂಡೆ.

ಐದನೆಯ ದಿನ ಮಧ್ಯಾಹ್ನ ಅವನು ಸ್ಟೂಲಿನ ಮೇಲೆ ಕೂತು ಹಳೆಯ ಎಂಜಿನ್ನಿನ ಆಯಿಲ್ ಕೂಲರನ್ನು ಪೆಟ್ರೋಲಿನಲ್ಲಿ ತೊಳೆಯುತ್ತಿದ್ದ.

ಕೂಲರ್ ಅಂದರೆ ಅಂಗೈಯಗಲದ ಲೋಹದ ಡಬ್ಬಿ. ಎಂಜಿನ್ನಿನ ಆಯಿಲ್ ಅದರೊಳಗಿನ ಸಣ್ಣ ಸಣ್ಣ ಸಂದುಗಳಲ್ಲಿ ಹಾಯ್ದು ತಣ್ಣಗಾಗುತ್ತದೆ. ಬೇರಿಂಗ್ ಪುಡಿಯಾದ ಎಂಜಿನ್ನಿನಲ್ಲಿ ಆ ಲೋಹದ ಪುಡಿ ಹೋಗಿ ಈ ಸಂದುಗಳಲ್ಲಿ ಕೂತುಬಿಡುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಹೊಸ ಎಂಜಿನ್ನಿಗೆ ಹಾಕಿದರೆ ಬಿಸಿ ಆಯಿಲಿನ ಜೊತೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಂಡು ಹೊಸ ಬೇರಿಂಗನ್ನೂ ತಿನ್ನುತ್ತದೆ. ಬೇರಿಂಗ್ ಹೋದರೆ ಕೂಲರ್ ಎಸೆಯಬೇಕು. ನನಗೆ ಇಪ್ಪತ್ತು ವರ್ಷವಿದ್ದಾಗ ಇದನ್ನು ತಲೆಗೆ ಮೊಟಕಿ ಕಲಿಸಿದವನು ಇದೇ ಅಣ್ಣ.

ಅವನು ಬ್ರಷ್ ಹಾಕಿ ಉಜ್ಜಿದ, ಗಾಳಿ ಹೊಡೆದ, ಮತ್ತೆ ಅದ್ದಿದ. ಬೆಳಕಿಗೆ ಹಿಡಿದು ನನಗೆ ತೋರಿಸಿದ. "ನೋಡು, ಕನ್ನಡಿ ಆಗಿದೆ."

ಮಾತು ನಾಲಗೆಯ ತುದಿಗೆ ಬಂದಿತ್ತು. ಬೇರೆ ಯಾರಾಗಿದ್ದರೂ ಆ ಡಬ್ಬಿಯನ್ನು ಕಿತ್ತು ರಸ್ತೆಗೆ ಎಸೆಯುತ್ತಿದ್ದೆ. ನಟ್ಟು ಮರೆಯುವುದು ಯಾರಿಗೂ ಆಗಬಹುದು, ಗಮನ ಎಲ್ಲೋ ಇತ್ತು ಎನ್ನಬಹುದು. ಇದು ಹಾಗಲ್ಲ. ಅವನಿಗೆ ಗೊತ್ತಿದ್ದ ವಿದ್ಯೆಯೇ ಒಂದು ತುಂಡು ಕಡಿಮೆಯಾಗಿತ್ತು, ಮತ್ತು ಕಡಿಮೆಯಾದದ್ದು ಅವನಿಗೆ ಗೊತ್ತಿರಲಿಲ್ಲ. ನಾನು ಬಾಯಿ ಬಿಟ್ಟರೆ ಗೊತ್ತಾಗುತ್ತಿತ್ತು. ನನಗೆ ಹೆದರಿಕೆಯಾಯಿತು. ಪೆಟ್ರೋಲು ಮೆತ್ತಿದ ಕೈಯಲ್ಲಿ ಅವನು ಮಗುವಿನ ಹಾಗೆ ಕಾಯುತ್ತ ಕೂತಿದ್ದ.

"ಚೆನ್ನಾಗಿದೆ ಅಣ್ಣ," ಎಂದೆ.

ಆ ಗ್ಯಾರೇಜಿನಲ್ಲಿ ನಾನು ಯಾರ ಕೆಲಸವನ್ನೂ ಹಾಗೆ ಹೊಗಳಿದವನಲ್ಲ. ಸಂಜೆ ಹೊರಗೆ ಹೋಗಿ ಹೊಸ ಕೂಲರಿಗಾಗಿ ಬಿಡಿಭಾಗದ ಅಂಗಡಿಗೆ ಫೋನು ಮಾಡಿದೆ. ಒಂದು ತಿಂಗಳಾಗುತ್ತದೆ ಎಂದರು. ಬಂದ ಮೇಲೆ, ಅವನು ಊಟ ಮಾಡಿ ಮಲಗಿದ ಒಂದು ಮಧ್ಯಾಹ್ನ ಗುಟ್ಟಾಗಿ ಬದಲಿಸಿದರಾಯಿತು, ಅಲ್ಲಿಯವರೆಗೆ ತಡೆದೀತು ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗೆ ಇಂಥ ಉಪಾಯಗಳು ಬೇಗ ಹೊಳೆಯುತ್ತವೆ.

ಎಂಜಿನ್ ಎರಡನೆಯ ಸಲ ಸೆಲ್ಫ್ ಹೊಡೆದಾಗಲೇ ಹತ್ತಿಕೊಂಡಿತು. ಅಣ್ಣ ಸ್ಕ್ರೂಡ್ರೈವರ್ ಇಟ್ಟು ಕಣ್ಣು ಮುಚ್ಚಿ ಕೇಳಿದ, ಆಮೇಲೆ ನನ್ನನ್ನೂ ಕರೆದು ಕೇಳಿಸಿದ. ನಿಜಕ್ಕೂ ಏನೂ ದೋಷವಿರಲಿಲ್ಲ. ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಗೆ ಹೋಗಿ ಬಂದ. ಅವರು ಇಳಿಯುತ್ತ, "ಈ ಮನುಷ್ಯ ಇನ್ನು ನನ್ನ ಮಾತು ಕೇಳಿದ ಹಾಗೇ," ಎಂದು ನನಗೆ ಹೇಳಿದರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ದಿನಾ ಬೆಳಿಗ್ಗೆ ಅವನು ಹಾರ್ನ್ ಹೊಡೆದೇ ಗೇಟು ಹೊಗುತ್ತಿದ್ದ. ದಿನಾ ನಾನು ಆಯಿಲ್ ಕಡ್ಡಿ ಎಳೆದು ನೋಡುತ್ತಿದ್ದೆ. ಪುಡಿ ಮಿನುಗುತ್ತಿದೆಯೇ ಎಂದು.

ಹದಿನೆಂಟನೆಯ ದಿನ ಬೆಳಿಗ್ಗೆ ಕಾರು ಕಾಣುವ ಮೊದಲೇ ಸದ್ದು ಕೇಳಿಸಿತು. ಟಕ್ ಟಕ್ ಟಕ್. ಅವನು ಗೇಟಿನ ಹೊರಗೇ ಎಂಜಿನ್ ಆರಿಸಿ, ಸ್ಟೀರಿಂಗ್ ಹಿಡಿದುಕೊಂಡು ಕೂತಿದ್ದ. ಇಬ್ಬರೂ ಸೇರಿ ಒಳಕ್ಕೆ ತಳ್ಳಿದೆವು. ಆಯಿಲ್ ಇಳಿಸಿದರೆ ಬೋಗುಣಿಯ ತುಂಬ ಮಿನುಗುವ ಪುಡಿ.

"ಮೋಸ ಮಾಡಿದಾರೆ ಬಡ್ಡಿಮಕ್ಕಳು," ಎಂದು ನಾನು ಎಂಜಿನ್ ಕಳಿಸಿದವರ ಮೇಲೆ ಕೂಗಾಡಿದೆ. "ಹಳಸಿದ ಎಂಜಿನ್ ಕಳ್ಸಿದಾರೆ ಅಣ್ಣ."

ಅವನು ಕೂಲರ್ ಬಿಚ್ಚಿದ, ಬೆಂಚಿನ ವೈಸಿನಲ್ಲಿ ಬಿಗಿಯಾಗಿ ಕಚ್ಚಿಸಿದ, ಗ್ರೈಂಡರಿನಿಂದ ನಡುವೆ ಕೊಯ್ದ. ಸಂದುಗಳ ಮೂಲೆಮೂಲೆಯಲ್ಲಿ ಪುಡಿ ಕಪ್ಪಗೆ ಗಟ್ಟಿಯಾಗಿ ಕೂತಿತ್ತು. ಎರಡು ಹೋಳುಗಳನ್ನು ಹಿಡಿದು ಬಹಳ ಹೊತ್ತು ನೋಡಿದ.

"ಬೇರಿಂಗ್ ಹೋದ್ರೆ ಕೂಲರ್ ಎಸೀಬೇಕು," ಎಂದ, ಪಾಠ ಒಪ್ಪಿಸುವವನ ಹಾಗೆ. ಆಮೇಲೆ, "ನಾನು ತೊಳೀವಾಗ ನೀನು ಇಲ್ಲೇ ಇದ್ಯಲ್ಲ?"

"ಇದ್ದೆ."

"ನೀನೂ ಮರೆತಿದ್ಯಾ?"

ಹಾಗೆ ಕೇಳುವಾಗ ಅವನ ದನಿಯಲ್ಲಿ ಆಸೆಯಿತ್ತು. ಹೂಂ ಎಂದಿದ್ದರೆ ಸಾಕಿತ್ತು. ಇಬ್ಬರೂ ಮುದುಕರಾದೆವು ಎಂದು ನಕ್ಕು ಮನೆಗೆ ಹೋಗುತ್ತಿದ್ದ. ಒಂದು ಸುಳ್ಳಿನಿಂದ ಇಷ್ಟಾಗಿತ್ತಲ್ಲ, ಇನ್ನೊಂದು ಬಾಯಿಗೆ ಬರಲಿಲ್ಲ.

"ಇಲ್ಲ," ಎಂದೆ. "ಹೊಸದಕ್ಕೆ ಹೇಳಿದೀನಿ. ನೀನಿಲ್ದಾಗ ಹಾಕೋಣ ಅಂತಿದ್ದೆ."

ಅವನು ಹೋಳುಗಳನ್ನು ಬೆಂಚಿನ ಮೇಲಿಟ್ಟು, ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡ.

"ಚಕ್ರದ ನಟ್ಟು ಮರೆತಾಗ ಎಷ್ಟು ಬೈದೆ ನೀನು! ಅವತ್ತು ಚೆನ್ನಾಗಿ ನಿದ್ದೆ ಬಂತು ನಂಗೆ. ಬೈತಾನೆ ಅಂದ್ರೆ ನಾನಿನ್ನೂ ಲೆಕ್ಕಕ್ಕಿದೀನಿ ಅಂತ. ಕೂಲರ್ ತೊಳೆದ ದಿನಾನೇ ನೀನು ನನ್ನನ್ನ ಮನೆಗೆ ಕಳಿಸಿಬಿಟ್ಟಿದ್ದೆ. ನಂಗೇ ಗೊತ್ತಾಗ್ಲಿಲ್ಲ, ಇಷ್ಟು ದಿನ ಸುಮ್ನೆ ಬಂದು ಹೋಗ್ತಿದ್ದೆ."

ಆಗ ನಾನು ಬೈಯತೊಡಗಿದೆ. ತಲೆ ಇಲ್ವಾ ನಿಂಗೆ, ಮೂವತ್ತೈದು ವರ್ಷದ ಹಿಂದೆ ಕಲಿಸಿದ್ದು ನೀನೇ ಅಲ್ವಾ, ಮೊದಲ ದಿನ ಕೆಲಸಕ್ಕೆ ಬಂದೋನೂ ಇಂಥ ತಪ್ಪು ಮಾಡಲ್ಲ, ಒಂದು ಒಳ್ಳೆ ಎಂಜಿನ್ ಹಾಳು ಮಾಡಿದ್ಯಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ನನಗೆ ಗೊತ್ತಿದ್ದ ಬೈಗುಳಗಳನ್ನೆಲ್ಲ ಸುರಿದೆ. ಅವನು ಒಂದು ಸಲವಾದರೂ ತಿರುಗಿ ಬೀಳಲಿ, ತಲೆ ತಗ್ಗಿಸಲಿ ಎಂದು ಕಿರುಚಿದೆ. ಕಣ್ಣೀರು ಬರುತ್ತಿತ್ತು, ನಿಲ್ಲಿಸಲಿಲ್ಲ.

ಅಣ್ಣ ಕೈಕಟ್ಟಿ ನಿಂತು ಪೂರ್ತಿ ಕೇಳಿಸಿಕೊಂಡ. ಗಿರಾಕಿಗಳು ಕೇಳಿಸಿಕೊಳ್ಳುತ್ತಾರಲ್ಲ, ಹಾಗೆ, ಮರ್ಯಾದೆಯಿಂದ, ನಡುನಡುವೆ ತಲೆಯಾಡಿಸುತ್ತ. ನನ್ನ ಉಸಿರು ಮುಗಿದ ಮೇಲೆ, "ಆಯ್ತಾ?" ಎಂದ. "ಗಾಡಿ ಇಲ್ಲ ನನ್ನತ್ರ. ಮನೆವರೆಗೂ ಬಿಡ್ತೀಯಾ?"

ಬಿಟ್ಟು ಬಂದೆ.